ಫೋನ್ ಐದು ಮೀಟರ್ ತಪ್ಪು ತೋರಿಸುತ್ತೆ, ವಿಜ್ಞಾನಿಗಳು ಮಿಲಿಮೀಟರ್ ಅಳೀತಾರೆ: ಎರಡೂ ಅದೇ ಜಿಪಿಎಸ್ ಅಲ್ವಾ?

ದಾರಿಹೋಕ

ಎಲ್ಲರಿಗೂ ನಮಸ್ಕಾರ. ಜಿಪಿಎಸ್ ಸಿಗ್ನಲ್ ಬಳಸಿ ಗಾಳಿಯಲ್ಲಿರುವ ನೀರಾವಿ ಅಳೆಯುತ್ತಾರೆ, ಭೂಫಲಕಗಳು ವರ್ಷಕ್ಕೆ ಎಷ್ಟು ಸರಿಯುತ್ತವೆ ಅನ್ನೋದನ್ನೂ ಅದರಿಂದಲೇ ತಿಳಿಯುತ್ತಾರೆ ಅಂತ ಓದಿದೆ. ಎರಡು ವಿಷಯ ತಲೆಗೆ ಹತ್ತುತ್ತಿಲ್ಲ.

ಒಂದು: ನಾನು ರಸ್ತೆಯ ಈ ಕಡೆ ನಿಂತರೆ ಫೋನ್ ಆ ಕಡೆ ತೋರಿಸುತ್ತದೆ. ಇಂಥದ್ದರಿಂದ ಮಿಲಿಮೀಟರ್ ಲೆಕ್ಕ ಹೇಗೆ ಬರುತ್ತದೆ?

ಎರಡು: ಸಿಗ್ನಲ್ ತಡವಾಗಿ ಬಂತು ಅಂದುಕೊಳ್ಳಿ. ಗಾಳಿಯಿಂದ ತಡವಾಯಿತೋ, ಇಲ್ಲಾ ನೆಲವೇ ಕುಸಿದು ದೂರ ಜಾಸ್ತಿಯಾಯಿತೋ? ಬರುವುದು ಒಂದೇ ಸಂಖ್ಯೆ. ಅದರಿಂದ ಎರಡು ಉತ್ತರ ಹೇಗೆ ತೆಗೀತಾರೆ?

ನಕ್ಷೆಗಾರ

ಮೊದಲನೆಯದಕ್ಕೆ ನಾನು ಉತ್ತರ ಕೊಡುತ್ತೇನೆ. ಎರಡನೆಯದಕ್ಕೆ ಹವಾಮಾನದವರು ಬರಲಿ.

ಉಪಗ್ರಹದಿಂದ ಬರುವುದು ಒಂದು ರೇಡಿಯೋ ಅಲೆ, ಅದರ ಮೇಲೆ ಕೂತು ಬರುವ ಒಂದು ಕೋಡ್. ದಾರಿ ಹುಡುಕಲು ಫೋನ್ ನೋಡುವುದು ಮುಖ್ಯವಾಗಿ ಈ ಕೋಡ್ ಅನ್ನು. ಅದರ ಒಂದೊಂದು ತುಂಡು ಸುಮಾರು 300 ಮೀಟರ್ ಉದ್ದ. ನೂರು ಭಾಗ ಮಾಡಿ ಓದಿದರೂ ಮೀಟರ್‌ಗಟ್ಟಲೆ ತಪ್ಪು ಉಳಿಯುತ್ತದೆ. ಆದರೆ ಅಲೆಯ ಉದ್ದ ಬರೀ 19 ಸೆಂ.ಮೀ. ಅದನ್ನು ನೂರು ಭಾಗ ಮಾಡಿದರೆ 2 ಮಿ.ಮೀ.ಗೆ ಬಂದಿರಿ.

ತೊಂದರೆ ಎಲ್ಲಿ ಅಂದ್ರೆ, ಅಲೆಗಳಿಗೆ ನಂಬರ್ ಬರೆದಿರುವುದಿಲ್ಲ. ಒಂದು ಅಲೆ ಇನ್ನೊಂದರ ಹಾಗೇ ಇರುತ್ತದೆ. ಉಪಗ್ರಹ ಇರುವುದು 20,200 ಕಿ.ಮೀ. ಎತ್ತರದಲ್ಲಿ. ಅಲ್ಲಿಂದ ಆಂಟೆನಾವರೆಗೆ ಹತ್ತು ಕೋಟಿಗೂ ಹೆಚ್ಚು ಅಲೆಗಳು ಸಾಲಾಗಿ ನಿಂತಿವೆ. ನಿಖರವಾಗಿ ಎಷ್ಟು ಅನ್ನುವ ಪೂರ್ಣಸಂಖ್ಯೆಯನ್ನು ಲೆಕ್ಕ ಹಾಕಿಯೇ ಹಿಡಿಯಬೇಕು. ಸರ್ವೆ ಮಾಡುವವರು "ಫಿಕ್ಸ್ ಸಿಕ್ತಾ?" ಅಂತ ಕೇಳಿಕೊಳ್ಳೋದು ಇದನ್ನೇ. ಇನ್ನೂ ಫ್ಲೋಟ್‌ನಲ್ಲಿದ್ದಾಗ, ಅಂದರೆ ಆ ಪೂರ್ಣಸಂಖ್ಯೆ ಸಿಗುವ ಮುಂಚೆ, ಪಾಯಿಂಟ್ ತೆಗೆದರೆ ಆ ಪಾಯಿಂಟ್ ದೇವರಿಗೇ ಪ್ರೀತಿ.

ಇಷ್ಟೇ ಸಾಲದು. ಉಪಗ್ರಹದ ಗಡಿಯಾರ ಒಂದು ನ್ಯಾನೋಸೆಕೆಂಡ್ ಆಚೀಚೆ ಆದರೂ 30 ಸೆಂ.ಮೀ. ತಪ್ಪು. ಅದಕ್ಕೇ ಇಂಟರ್‌ನ್ಯಾಷನಲ್ ಜಿಎನ್‌ಎಸ್‌ಎಸ್ ಸರ್ವಿಸ್, ಅಂದರೆ ಐಜಿಎಸ್, 1994ರಿಂದ ಉಪಗ್ರಹಗಳ ಕಕ್ಷೆ ಮತ್ತು ಗಡಿಯಾರದ ತಿದ್ದುಪಡಿಗಳನ್ನು ಪುಕ್ಕಟೆಯಾಗಿ ಕೊಡುತ್ತಿದೆ. ಕಕ್ಷೆ ಕೆಲವೇ ಸೆಂಟಿಮೀಟರ್‌ವರೆಗೆ ಸರಿ. ಬಂಡೆಗೆ ಕೂರಿಸಿದ ಆಂಟೆನಾ, 24 ಗಂಟೆಯ ಡೇಟಾ, ಈ ತಿದ್ದುಪಡಿ ಎಲ್ಲ ಸೇರಿದರೆ ಅಡ್ಡಡ್ಡ 2-3 ಮಿ.ಮೀ. ಮಟ್ಟಿಗೆ ಸ್ಥಾನ ಸಿಗುತ್ತದೆ. ಎತ್ತರ ಮಾತ್ರ ಯಾವಾಗಲೂ ಅದಕ್ಕಿಂತ ಎರಡು ಮೂರು ಪಟ್ಟು ಕೆಟ್ಟದಾಗಿರುತ್ತದೆ. ಉಪಗ್ರಹಗಳೆಲ್ಲ ತಲೆಯ ಮೇಲೆಯೇ ಇರುತ್ತವಲ್ಲ, ಕಾಲ ಕೆಳಗೆ ಒಂದೂ ಇರುವುದಿಲ್ಲ.

ರೇಡಿಯೋ ರಾಯರು

ಮೇಲಿನಿಂದ ಕೆಳಗೆ ಬರೋಣ. ಸಿಗ್ನಲ್‌ಗೆ ಮೊದಲು ಎದುರಾಗುವುದು ಅಯಾನುಗೋಳ. ಬಿಸಿಲಿಗೆ ಅಣುಗಳಿಂದ ಕಳಚಿಕೊಂಡ ಎಲೆಕ್ಟ್ರಾನ್‌ಗಳು ತುಂಬಿದ ಜಾಗ. 300 ಕಿ.ಮೀ. ಆಸುಪಾಸಿನಲ್ಲಿ ಅತಿ ದಟ್ಟ.

ಇದರ ಗುಣ ಏನಂದ್ರೆ, ಬೇರೆ ಬೇರೆ ಫ್ರೀಕ್ವೆನ್ಸಿಯನ್ನು ಬೇರೆ ಬೇರೆ ಪ್ರಮಾಣದಲ್ಲಿ ತಡೆಯುತ್ತದೆ. ಜಿಪಿಎಸ್‌ನ ಎಲ್‌1 ಅನ್ನುವ ಸಿಗ್ನಲ್ ಇರುವುದು 1575.42 ಮೆಗಾಹರ್ಟ್ಸ್‌ನಲ್ಲಿ, ಎಲ್‌2 1227.60ರಲ್ಲಿ. ಚದರ ಮೀಟರಿನ ಒಂದು ಕಂಬದಷ್ಟು ಜಾಗದಲ್ಲಿ 10ರ 16ನೇ ಘಾತದಷ್ಟು ಎಲೆಕ್ಟ್ರಾನ್ ಇದ್ದರೆ ಅದಕ್ಕೆ ಒಂದು ಟೆಕ್ ಯೂನಿಟ್ ಅಂತಾರೆ. ಒಂದು ಟೆಕ್ ಯೂನಿಟ್‌ಗೆ ಎಲ್‌1ರಲ್ಲಿ 16 ಸೆಂ.ಮೀ. ತಡ (ತಡವನ್ನು ನಾವು ದೂರದ ಲೆಕ್ಕದಲ್ಲೇ ಹೇಳುತ್ತೇವೆ), ಎಲ್‌2ರಲ್ಲಿ ಸುಮಾರು 27 ಸೆಂ.ಮೀ. ಎರಡನ್ನೂ ಅಳೆದು ಕಳೆದರೆ ದಾರಿಯಲ್ಲಿ ಎಷ್ಟು ಎಲೆಕ್ಟ್ರಾನ್ ಇದ್ದವು ಅನ್ನುವುದು ತಾನಾಗಿ ಬರುತ್ತದೆ. ನಕ್ಷೆಗಾರರು ಅದನ್ನು ಕಸ ಅಂತ ಬಿಸಾಡುತ್ತಾರೆ. ನಮ್ಮಂಥವರಿಗೆ ಅದೇ ಊಟ.

ಇನ್ನೊಂದು ತಮಾಷೆ ನೋಡಿ. ಅಯಾನುಗೋಳ ಕೋಡ್ ಅನ್ನು ತಡ ಮಾಡುತ್ತದೆ, ಅಲೆಯ ಹಂತವನ್ನು, ಅಂದರೆ ಅದರ ಏರಿಳಿತ ಎಲ್ಲಿಗೆ ಬಂದಿದೆ ಅನ್ನುವುದನ್ನು, ಅಷ್ಟೇ ಮುಂದಕ್ಕೆ ತಳ್ಳುತ್ತದೆ. ಮೊದಲ ಸಲ ಕೇಳಿದವರು ಯಾರೂ ನಂಬುವುದಿಲ್ಲ.

ಭೂಮಿಯ ಕಾಂತೀಯ ಸಮಭಾಜಕದ ಎರಡೂ ಬದಿಗೆ, ಸುಮಾರು 15 ಡಿಗ್ರಿ ಆಚೀಚೆ, ಎಲೆಕ್ಟ್ರಾನ್‌ಗಳ ಎರಡು ದಿಣ್ಣೆಗಳಿವೆ. ಸೂರ್ಯ ಜೋರಾಗಿರುವ ವರ್ಷಗಳಲ್ಲಿ ಅಲ್ಲಿ ಮಧ್ಯಾಹ್ನ 100 ಟೆಕ್ ಯೂನಿಟ್ ದಾಟುವುದು ದೊಡ್ಡ ಸಂಗತಿಯಲ್ಲ. ಅಂದರೆ ಎಲ್‌1ರಲ್ಲಿ 16 ಮೀಟರ್. ಸೂರ್ಯ ಮುಳುಗಿದ ಮೇಲೆ ಇನ್ನೊಂದು ಕಾಟ ಶುರು. ಎಲೆಕ್ಟ್ರಾನ್ ಕಡಿಮೆ ಇರುವ ಗುಳ್ಳೆಗಳು ಕೆಳಗಿನಿಂದ ಮೇಲೇಳುತ್ತವೆ. ಅವುಗಳ ಅಂಚಿನಲ್ಲಿ ಹಾದುಬಂದ ಸಿಗ್ನಲ್ ಮಿನುಗಲು ಶುರುಮಾಡುತ್ತದೆ, ಒಮ್ಮೊಮ್ಮೆ ರಿಸೀವರ್ ಉಪಗ್ರಹವನ್ನೇ ಕಳೆದುಕೊಳ್ಳುತ್ತದೆ. 2024ರ ಮೇ 10-11ರ ಸೌರ ಬಿರುಗಾಳಿಯಲ್ಲಂತೂ ಅಮೆರಿಕದಲ್ಲಿ ಬಿತ್ತನೆ ಮಾಡುತ್ತಿದ್ದ ಜಿಪಿಎಸ್ ಟ್ರ್ಯಾಕ್ಟರ್‌ಗಳೇ ನಿಂತುಹೋದವು.

ಇಣುಕುನೋಟ

ರಾಯರೇ, ಹಾಗಾದ್ರೆ ಎರಡು ಫ್ರೀಕ್ವೆನ್ಸಿ ಇದ್ದರೆ ಗಾಳಿಯ ತಪ್ಪೆಲ್ಲ ಹೋಯ್ತು ಅಂತಾಯ್ತು. ನೀರಾವಿ ಎಲ್ಲಿಂದ ಬಂತು ಮತ್ತೆ?

ಮಳೆಲೆಕ್ಕ

ಹೋಗಲ್ಲ! ಅಲ್ಲೇ ಇರೋದು ಮಜಾ. ಕೆಳಗಿನ ವಾಯುಮಂಡಲ ಎಲ್‌1, ಎಲ್‌2 ಎರಡನ್ನೂ ಒಂದೇ ಥರ ತಡ ಮಾಡುತ್ತದೆ. ಎಷ್ಟು ಫ್ರೀಕ್ವೆನ್ಸಿ ತಂದರೂ ಇಲ್ಲಿ ಕಳೆಯುವ ಲೆಕ್ಕ ನಡೆಯುವುದಿಲ್ಲ. ದಾರಿಹೋಕರ ಎರಡನೇ ಪ್ರಶ್ನೆ ಸರಿಯಾದ ಜಾಗಕ್ಕೇ ಕೈ ಹಾಕಿದೆ.

ಉತ್ತರ ಇರುವುದು ಕೋನದಲ್ಲಿ. ಆಂಟೆನಾ ಇರುವ ನೆಲ 10 ಮಿ.ಮೀ. ಮೇಲೆದ್ದಿತು ಅಂದುಕೊಳ್ಳಿ. ನೆತ್ತಿಯ ಮೇಲಿನ ಉಪಗ್ರಹ 10 ಮಿ.ಮೀ. ಹತ್ತಿರವಾಯಿತು. ದಿಗಂತದಿಂದ 30 ಡಿಗ್ರಿ ಎತ್ತರದಲ್ಲಿರುವುದು 5 ಮಿ.ಮೀ. ಹತ್ತಿರ. 10 ಡಿಗ್ರಿಯಲ್ಲಿ ದಿಗಂತದ ಪಕ್ಕ ಇರುವುದು 2 ಮಿ.ಮೀ. ಕೂಡ ಇಲ್ಲ. ಕೆಳಗೆ ಹೋದ ಹಾಗೆ ಪರಿಣಾಮ ಕಡಿಮೆ.

ಈಗ ನೆಲ ಅಲುಗಾಡಲಿಲ್ಲ, ಗಾಳಿಗೆ ನೀರಾವಿ ಸೇರಿ ನೇರ ಮೇಲಿನ ದಾರಿಯಲ್ಲಿ 10 ಮಿ.ಮೀ. ತಡ ಹೆಚ್ಚಾಯಿತು ಅನ್ನಿ. 30 ಡಿಗ್ರಿಯಲ್ಲಿ ಸಿಗ್ನಲ್ ಗಾಳಿಯೊಳಗೆ ಎರಡರಷ್ಟು ದೂರ ಓರೆಯಾಗಿ ಬರಬೇಕು. ಹಾಗಾಗಿ 20 ಮಿ.ಮೀ. 10 ಡಿಗ್ರಿಯಲ್ಲಿ ಸುಮಾರು 56 ಮಿ.ಮೀ. ಇಲ್ಲಿ ಕೆಳಗೆ ಹೋದ ಹಾಗೆ ಪರಿಣಾಮ ಜಾಸ್ತಿ. ರಿಸೀವರ್‌ನ ಗಡಿಯಾರ ತಪ್ಪಿದ್ದರೆ ಎಲ್ಲ ಉಪಗ್ರಹಕ್ಕೂ ಒಂದೇ ಸಮ ತಪ್ಪು. ಮೂರೂ ಬೇರೆ ಬೇರೆ ನಡತೆ. ಆಕಾಶದ ತುಂಬ ಉಪಗ್ರಹಗಳಿದ್ದರೆ ಮೂರನ್ನೂ ಬಿಡಿಸಬಹುದು. ನಿಮ್ಮ ಮಾತಿನಲ್ಲಿ ಹೇಳುವುದಾದರೆ, ಬರುವುದು ಒಂದು ಸಂಖ್ಯೆ ಅಲ್ಲ, ಒಂದೇ ಹೊತ್ತಿಗೆ ಹತ್ತಿಪ್ಪತ್ತು ಸಂಖ್ಯೆ.

ಹಾಗಂತ ಪೂರ್ತಿ ಬಿಡಿಸಲು ಆಗುವುದಿಲ್ಲ. ದಿಗಂತದ ಹತ್ತಿರದ ಉಪಗ್ರಹಗಳನ್ನು ಕೈಬಿಟ್ಟರೆ, ಗಾಳಿಯ ಲೆಕ್ಕದಲ್ಲಿ 1 ಮಿ.ಮೀ. ತಪ್ಪಿದ್ದು ಎತ್ತರದಲ್ಲಿ ಸುಮಾರು 3 ಮಿ.ಮೀ. ತಪ್ಪಾಗಿ ಬಂದು ಕೂರುತ್ತದೆ. ನಕ್ಷೆಗಾರರ ಎತ್ತರ ಕೆಟ್ಟದಾಗಿರಲು ಇದೂ ಕಾರಣ.

ಮುಂದಿನ ಹೆಜ್ಜೆ ಸುಲಭ. ಸಮುದ್ರಮಟ್ಟದಲ್ಲಿ ಒಣ ಗಾಳಿಯಿಂದಲೇ ನೇರ ಮೇಲಕ್ಕೆ ಸುಮಾರು 2.3 ಮೀಟರ್ ತಡ. ಅದು ಗಾಳಿಯ ಒತ್ತಡಕ್ಕೆ ತಕ್ಕಂತೆ ಬದಲಾಗುತ್ತದೆ. ಪಕ್ಕದಲ್ಲಿ ಒಳ್ಳೆಯ ಒತ್ತಡಮಾಪಕ ಇದ್ದರೆ ಅಷ್ಟನ್ನು ಕಳೆದುಬಿಡಬಹುದು. ಉಳಿದದ್ದು ನೀರಾವಿಯದು. ಒಣ ಚಳಿ ಪ್ರದೇಶದಲ್ಲಿ ಕೆಲವೇ ಸೆಂಟಿಮೀಟರ್, ಸೆಕೆ ಹವೆಯಲ್ಲಿ 30-40 ಸೆಂ.ಮೀ. ಹತ್ತಿರ. ಸುಮಾರು ಆರೂವರೆ ಮಿ.ಮೀ. ತಡ ಇದ್ದರೆ ತಲೆಯ ಮೇಲಿನ ಗಾಳಿಯಲ್ಲಿ 1 ಮಿ.ಮೀ. ನೀರು ಇದೆ ಅಂತ ಅರ್ಥ. 1992ರಲ್ಲಿ ಮೈಕಲ್ ಬೆವಿಸ್ ಮತ್ತು ಸಂಗಡಿಗರು ಈ ದಾರಿಯನ್ನು ವಿವರವಾಗಿ ತೋರಿಸಿಕೊಟ್ಟರು.

ಇದರ ಬೆಲೆ ಗೊತ್ತಾಗಬೇಕಾದರೆ ಹವಾಮಾನದ ಬಲೂನ್ ನೆನಪಿಸಿಕೊಳ್ಳಿ. ಸಾಮಾನ್ಯವಾಗಿ ದಿನಕ್ಕೆ ಎರಡು ಸಲ ಮಾತ್ರ ಹಾರಿಸುತ್ತಾರೆ. ಜಿಪಿಎಸ್ ಸ್ಟೇಷನ್ ಹಗಲು ರಾತ್ರಿ, ಮೋಡ ಮಳೆ ಅನ್ನದೆ ಪ್ರತಿ ಕೆಲವು ನಿಮಿಷಕ್ಕೆ ಒಂದು ಅಂಕಿ ಕೊಡುತ್ತದೆ. ಗುಡುಗುಮಳೆಗೆ ಮುಂಚೆ ಆ ಗೆರೆ ಏರುತ್ತಾ ಹೋಗುವುದನ್ನು ನೋಡುತ್ತಾ ಕೂತರೆ ಬೇರೆ ಕೆಲಸ ಮರೆತುಹೋಗುತ್ತದೆ.

ರೇಡಿಯೋ ರಾಯರು

ಮಳೆಲೆಕ್ಕ ಅವರೇ, ಅಡ್ಡಡ್ಡ ನೋಡುವ ವಿಧಾನ ಬಿಟ್ಟುಬಿಟ್ಟಿರಿ.

ಮಳೆಲೆಕ್ಕ

ಬರೆಯುತ್ತಿದ್ದೆ ರಾಯರೇ, ಸ್ವಲ್ಪ ತಾಳಿ.

ರಿಸೀವರ್ ನೆಲದ ಮೇಲೇ ಇರಬೇಕು ಅಂತಿಲ್ಲ. ಕೆಲವು ನೂರು ಕಿ.ಮೀ. ಎತ್ತರದಲ್ಲಿ ಸುತ್ತುವ ಚಿಕ್ಕ ಉಪಗ್ರಹದಲ್ಲಿ ರಿಸೀವರ್ ಇಡಿ. ಅಲ್ಲಿಂದ ನೋಡಿದರೆ ಜಿಪಿಎಸ್ ಉಪಗ್ರಹ ಭೂಮಿಯ ಅಂಚಿನಲ್ಲಿ ಮುಳುಗುತ್ತದೆ. ಮುಳುಗುವಾಗ ಅದರ ಸಿಗ್ನಲ್ ವಾಯುಮಂಡಲದ ಒಂದೊಂದೇ ಪದರವನ್ನು ಸವರಿಕೊಂಡು ಬಾಗಿ ಬರುತ್ತದೆ. ನೆಲದ ಹತ್ತಿರ ಬಾಗು ಸುಮಾರು ಒಂದು ಡಿಗ್ರಿ. ಒಂದೆರಡು ನಿಮಿಷದ ಈ ಮುಳುಗಾಟದಿಂದ ಮೇಲಿನಿಂದ ಕೆಳಗಿನವರೆಗೆ ಉಷ್ಣತೆ, ತೇವ ಎಲ್ಲದರ ಅಂದಾಜು ಸಿಗುತ್ತದೆ. ಸಮುದ್ರದ ಮೇಲೆ, ಧ್ರುವದ ಮೇಲೆ, ಬಲೂನ್ ಹಾರಿಸುವವರೇ ಇಲ್ಲದ ಕಡೆಯೂ ಸಿಗುತ್ತದೆ.

ಉಪಾಯ ಹಳೆಯದು. 1965ರಲ್ಲಿ ಮ್ಯಾರಿನರ್ 4 ನೌಕೆ ಮಂಗಳದ ಹಿಂದೆ ಮರೆಯಾದಾಗ ಇದೇ ರೀತಿಯಲ್ಲಿ ಅಲ್ಲಿನ ಗಾಳಿ ಎಷ್ಟು ತೆಳು ಅಂತ ಕಂಡುಕೊಂಡಿದ್ದರು. ಭೂಮಿಗೆ ಜಿಪಿಎಸ್ ಜೊತೆ ಮೊದಲ ಪ್ರಯೋಗ 1995ರಲ್ಲಿ. 2006ರಲ್ಲಿ ತೈವಾನ್ ಮತ್ತು ಅಮೆರಿಕ ಸೇರಿ ಕಾಸ್ಮಿಕ್ ಹೆಸರಿನ ಆರು ಉಪಗ್ರಹ ಹಾರಿಸಿದವು, 2019ರಲ್ಲಿ ಅದರ ಎರಡನೇ ತಂಡ. ನನಗೆ ಇದರಲ್ಲಿ ಅತಿ ಇಷ್ಟವಾದ ವಿಷಯ, ಇದು ಮೂಲದಲ್ಲಿ ಬರೀ ಸಮಯದ ಅಳತೆ. ಉಷ್ಣತೆ ಅಳೆಯುವ ಬೇರೆ ಉಪಕರಣಗಳು ವರ್ಷ ಕಳೆದ ಹಾಗೆ ಸವೆದು ಬೇರೆ ಬೇರೆ ತೋರಿಸುತ್ತವೆ. ಇಲ್ಲಿ ಅಣುಗಡಿಯಾರವೇ ಆಧಾರ, ಹಾಗಾಗಿ ಆ ತಲೆನೋವು ತುಂಬಾ ಕಡಿಮೆ. 2020ರಲ್ಲಿ ವಿಮಾನಗಳ ಹಾರಾಟ ನಿಂತು ಅವುಗಳಿಂದ ಬರುತ್ತಿದ್ದ ಹವಾಮಾನ ಮಾಹಿತಿ ಕಡಿಮೆಯಾದಾಗ ಯುರೋಪಿನ ಮುನ್ಸೂಚನಾ ಕೇಂದ್ರ ಖಾಸಗಿ ಕಂಪನಿಯ ಇಂಥ ಡೇಟಾವನ್ನೂ ಬಳಸಿಕೊಂಡಿತು.

ದಾರಿಹೋಕ

ಕೋನದ ಲೆಕ್ಕ ಓದಿ ಒಮ್ಮೆಲೇ ತಲೆಗೆ ಇಳಿಯಿತು ಸರ್, ಥ್ಯಾಂಕ್ಸ್. ಈಗ ನೆಲದ ಕಡೆಯವರು ಯಾರಾದರೂ ಇದ್ದರೆ ಹೇಳಿ.

ಬಂಡೆಗಲ್ಲು

ಸರ್ ಅಲ್ಲ, ಮಳೆಲೆಕ್ಕ ಮೇಡಂ. 🙂

ನೆಲದ ಕಡೆ ನಾನಿದ್ದೇನೆ. ಎಲ್ಲರಿಗೂ ಗೊತ್ತಿರುವ ಫಲಕಗಳ ಚಲನೆಯಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ಕೆಲವು ವರ್ಷ ಒಂದೇ ಜಾಗದಲ್ಲಿ ಅಳೆದರೆ ಗೆರೆ ಎದ್ದು ಕಾಣುತ್ತದೆ. ಆಸ್ಟ್ರೇಲಿಯಾ ವರ್ಷಕ್ಕೆ 7 ಸೆಂ.ಮೀ. ಈಶಾನ್ಯಕ್ಕೆ ಹೋಗುತ್ತಿದೆ. 1994ರ ಅಧಿಕೃತ ನಕ್ಷೆಗೂ ಉಪಗ್ರಹ ಕೊಡುವ ಸ್ಥಾನಕ್ಕೂ ಹೊಂದಿಕೆ ತಪ್ಪಿ ಇಡೀ ದೇಶದ ಅಕ್ಷಾಂಶ ರೇಖಾಂಶಗಳನ್ನೇ 1.8 ಮೀಟರ್ ಸರಿಸಿ 2020ರ ಹೊಸ ಲೆಕ್ಕ ಮಾಡಿಕೊಂಡರು. ಫಿನ್‌ಲೆಂಡ್, ಸ್ವೀಡನ್ ನಡುವಿನ ಕೊಲ್ಲಿಯ ಉತ್ತರದಲ್ಲಿ ನೆಲ ವರ್ಷಕ್ಕೆ ಹತ್ತಿರ ಹತ್ತಿರ 1 ಸೆಂ.ಮೀ. ಏರುತ್ತಿದೆ. ಹಿಮಯುಗದ ಮಂಜುಗಡ್ಡೆಯ ಭಾರ ಇಳಿದು ಸಾವಿರಾರು ವರ್ಷವಾದರೂ ನೆಲ ಇನ್ನೂ ಸುಧಾರಿಸಿಕೊಳ್ಳುತ್ತಿದೆ.

ನನಗೆ ಹೆಚ್ಚು ಹಿಡಿಸುವುದು ಅನಿರೀಕ್ಷಿತ ಚಲನೆಗಳು. ಕೆನಡಾದ ಪಶ್ಚಿಮ ಕರಾವಳಿಯ ಸ್ಟೇಷನ್‌ಗಳು ಒಳನಾಡಿನ ಕಡೆಗೆ ನಿಧಾನವಾಗಿ ತಳ್ಳಿಸಿಕೊಂಡು ಹೋಗುತ್ತಿರುತ್ತವೆ. ಇದ್ದಕ್ಕಿದ್ದಂತೆ ಕೆಲವು ವಾರ ಸಮುದ್ರದ ಕಡೆಗೆ ಹಿಂದಕ್ಕೆ ಬರುತ್ತವೆ, ಕೆಲವೇ ಮಿಲಿಮೀಟರ್. ಯಾರಿಗೂ ನಡುಕ ಗೊತ್ತಾಗುವುದಿಲ್ಲ. 2001ರಲ್ಲಿ ಹರ್ಬ್ ಡ್ರೇಗರ್ಟ್ ತಂಡ ಇದನ್ನು ಪ್ರಕಟಿಸಿತು. ಆಮೇಲೆ ನೋಡಿದರೆ ಅದು ಸುಮಾರು 14 ತಿಂಗಳಿಗೊಮ್ಮೆ ಮರುಕಳಿಸುತ್ತದೆ! ಆಳದಲ್ಲಿ ಫಲಕ ಸದ್ದಿಲ್ಲದೆ ಜಾರುತ್ತಿದೆ. ಭೂಕಂಪಮಾಪಕ ಎಷ್ಟೇ ಚುರುಕಾಗಿದ್ದರೂ ಈ ನಿಧಾನದ ಜಾರುವಿಕೆಯನ್ನು ನೇರವಾಗಿ ಅಳೆಯಲಾರದು.

ನೀರಿನ ಭಾರಕ್ಕೂ ನೆಲ ಬಗ್ಗುತ್ತದೆ. ಬ್ರೆಜಿಲ್‌ನ ಮನೌಸ್‌ನಲ್ಲಿ ಅಮೆಜಾನ್ ತುಂಬಿ ಹರಿದಾಗ ನೆಲ ಕುಸಿಯುತ್ತದೆ, ಇಳಿದಾಗ ಏಳುತ್ತದೆ. ವರ್ಷದ ಏರಿಳಿತ 5ರಿಂದ 7.5 ಸೆಂ.ಮೀ. 2017ರ ಹಾರ್ವೆ ಚಂಡಮಾರುತದ ಮಳೆನೀರಿನ ತೂಕಕ್ಕೆ ಅಮೆರಿಕದ ಹ್ಯೂಸ್ಟನ್ ಸುತ್ತಮುತ್ತ ಸುಮಾರು 2 ಸೆಂ.ಮೀ. ತಗ್ಗಿತು, ನೀರು ಹರಿದುಹೋದ ಹಾಗೆ ಮೇಲೆ ಬಂತು. ಅಂತರ್ಜಲ, ಹಿಮ, ಕೆರೆ ನದಿ ಎಲ್ಲ ಸೇರಿ ಒಂದು ಪ್ರದೇಶದಲ್ಲಿ ಎಷ್ಟು ನೀರು ಹೆಚ್ಚು ಕಡಿಮೆ ಆಯಿತು ಅನ್ನುವುದನ್ನು ಒಟ್ಟಾಗಿ ತೂಗಲು ಇದೊಂದು ದಾರಿ.

ಸಂಶಯಾತ್ಮ

ಇಷ್ಟೆಲ್ಲ ಗೊತ್ತಿದ್ದ ಮೇಲೆ ಭೂಕಂಪ ಮೊದಲೇ ಹೇಳಬಹುದಲ್ವಾ? ಅಯಾನುಗೋಳ ನೋಡಿ ಭೂಕಂಪ ಮುನ್ಸೂಚನೆ ಅಂತ ಫಾರ್ವರ್ಡ್‌ಗಳು ಬರ್ತಾನೇ ಇರ್ತವೆ. ನಿಜಾನಾ, ಸುಮ್ನೆ ಬುರುಡೆನಾ?

ಬಂಡೆಗಲ್ಲು

ಪೂರ್ತಿ ಬುರುಡೆ ಅಲ್ಲ, ಆದರೆ ಸಾಬೀತಾಗಿಲ್ಲ.

2011ರ ಮಾರ್ಚ್ 11ರ ಜಪಾನ್ ಭೂಕಂಪಕ್ಕೆ ಸುಮಾರು 40 ನಿಮಿಷ ಮುಂಚೆ ಎಲೆಕ್ಟ್ರಾನ್ ಪ್ರಮಾಣ ಏರಿತ್ತು ಅಂತ ಹೊಕ್ಕೈಡೊ ವಿಶ್ವವಿದ್ಯಾಲಯದ ಕೊಸುಕೆ ಹೆಕಿ ಬರೆದರು. ಬೇರೆಯವರು ತಕರಾರು ತೆಗೆದರು. ಭೂಕಂಪ ಆದ ಮೇಲೆ ಅಲ್ಲಿ ಎಲೆಕ್ಟ್ರಾನ್ ಇಳಿದಿತ್ತು, ಮುಂಚಿನ ಭಾಗಕ್ಕೂ ನಂತರದ ಭಾಗಕ್ಕೂ ಒಂದೇ ಗೆರೆ ಎಳೆದು ಹೋಲಿಸಿದರೆ ಮುಂಚಿನದು ಏರಿದ ಹಾಗೆ ಕಾಣುತ್ತದೆ ಅಷ್ಟೇ, ಅಂತ. ಆ ಜಗಳ ವರ್ಷಗಟ್ಟಲೆ ನಡೆಯಿತು.

2023ರಲ್ಲಿ ಫ್ರಾನ್ಸ್‌ನ ಬ್ಲೆಟೆರಿ ಮತ್ತು ನೊಕೆ ಇನ್ನೊಂದು ರೀತಿಯಲ್ಲಿ ಹುಡುಕಿದರು. 7ಕ್ಕಿಂತ ದೊಡ್ಡ 90 ಭೂಕಂಪಗಳ ಮುಂಚಿನ ಜಿಪಿಎಸ್ ಡೇಟಾವನ್ನೆಲ್ಲ ಒಟ್ಟು ಸೇರಿಸಿ ನೋಡಿದಾಗ, ಕೊನೆಯ ಎರಡು ಗಂಟೆಯಲ್ಲಿ ನೆಲ ಜಾರಲು ಶುರುವಾದಂತೆ ಕಂಡಿತು. ದೊಡ್ಡ ಸುದ್ದಿಯಾಯಿತು. ಕೆಲವೇ ದಿನಗಳಲ್ಲಿ ಬೇರೆ ಸಂಶೋಧಕರು ಅದೇ ಡೇಟಾ ತೆಗೆದುಕೊಂಡು, ಒಂದು ಪ್ರದೇಶದ ಸ್ಟೇಷನ್‌ಗಳಲ್ಲೆಲ್ಲ ಸಮನಾಗಿರುವ ಗದ್ದಲವನ್ನು ಕಳೆದು ನೋಡಿದರು. ಸುಳಿವೇ ಮಾಯ. ನನ್ನ ಮತ ಕೇಳಿದರೆ, ತಕರಾರು ತೆಗೆದವರದೇ ಸರಿ ಅನ್ನಿಸುತ್ತದೆ. ಅಷ್ಟು ಸ್ಟೇಷನ್ ಸೇರಿಸಿದ ಮೇಲೆ ಮಾತ್ರ ಕಾಣುವ ಸುಳಿವಿನಿಂದ ಒಂದು ಊರಿಗೆ ಎಚ್ಚರಿಕೆ ಕೊಡಲು ಹೇಗೂ ಬರುವುದಿಲ್ಲ.

ಭೂಕಂಪ *ಶುರುವಾದ ಮೇಲಿನ* ನಿಮಿಷಗಳಲ್ಲಿ ಮಾತ್ರ ಜಿಪಿಎಸ್‌ಗೆ ಬೇರೆ ಸಾಟಿ ಇಲ್ಲ. ಅದೇ 2011ರಲ್ಲಿ ಜಪಾನಿನ ಹವಾಮಾನ ಸಂಸ್ಥೆ ಮೊದಲ ಮೂರು ನಿಮಿಷದಲ್ಲಿ ಅಂದಾಜು ಮಾಡಿದ್ದು 7.9. ನಿಜವಾದದ್ದು 9.0. ಸುನಾಮಿ ಎಚ್ಚರಿಕೆಯೂ ಅದಕ್ಕೆ ತಕ್ಕ ಹಾಗೆ ಕಡಿಮೆ ಎತ್ತರದ್ದೇ ಹೋಯಿತು. ಅಷ್ಟು ದೊಡ್ಡ ಕಂಪನಕ್ಕೆ ಹತ್ತಿರದ ಸೂಕ್ಷ್ಮ ಭೂಕಂಪಮಾಪಕಗಳ ಅಳತೆ ಮಿತಿ ಮೀರಿ ಹೋಗುತ್ತದೆ. ಜಿಪಿಎಸ್ ಆಂಟೆನಾಗೆ ಆ ಮಿತಿ ಇಲ್ಲ, ಹತ್ತು ಮೀಟರ್ ಸರಿದರೆ ಹತ್ತು ಮೀಟರ್ ಅಂತಲೇ ಹೇಳುತ್ತದೆ. ಒಶಿಕಾ ಅನ್ನುವ ಕಡೆಯ ಸ್ಟೇಷನ್ 5.3 ಮೀಟರ್ ಸಮುದ್ರದ ಕಡೆಗೆ ಹೋಗಿ 1.2 ಮೀಟರ್ ಕುಸಿದಿತ್ತು. 2015ರ ನೇಪಾಳ ಭೂಕಂಪದಲ್ಲಿ ಕಾಠ್ಮಂಡು ಹತ್ತಿರ ಒಂದು ಮೀಟರ್ ಮೇಲೆದ್ದದ್ದೂ ಹೀಗೆಯೇ ತಿಳಿದದ್ದು.

ರೇಡಿಯೋ ರಾಯರು

ಅಯಾನುಗೋಳದಲ್ಲಿ ಭೂಕಂಪದ *ನಂತರ* ಕಾಣುವುದು ಅನುಮಾನವಿಲ್ಲದ ಸಂಗತಿ, ಅದನ್ನೂ ಸೇರಿಸಿಕೊಳ್ಳಿ. ಸಮುದ್ರತಳ ಮೇಲೆದ್ದರೆ ನೀರು ಏಳುತ್ತದೆ, ನೀರು ಗಾಳಿಯನ್ನು ತಳ್ಳುತ್ತದೆ. ಆ ಶಬ್ದದ ಅಲೆ ಮೇಲೇರುತ್ತಾ ಹೋದಂತೆ ಗಾಳಿ ತೆಳುವಾಗಿ ಅಲೆ ದೊಡ್ಡದಾಗುತ್ತದೆ. 8-10 ನಿಮಿಷಕ್ಕೆ ಅಯಾನುಗೋಳ ಮುಟ್ಟಿ ಎಲೆಕ್ಟ್ರಾನ್‌ಗಳನ್ನು ಅಲುಗಾಡಿಸುತ್ತದೆ. 2022ರ ಜನವರಿ 15ರಂದು ಟೊಂಗಾ ಜ್ವಾಲಾಮುಖಿ ಸಿಡಿದಾಗ ಆ ಒತ್ತಡದ ಅಲೆ ಭೂಮಿ ಸುತ್ತಿದ್ದು ಜಗತ್ತಿನಾದ್ಯಂತ ಜಿಪಿಎಸ್ ಡೇಟಾದಲ್ಲಿ ಸಿಕ್ಕಿತು.

ಇಣುಕುನೋಟ

ಇದನ್ನೆಲ್ಲ ಮನೆಯಲ್ಲಿ ಕೂತು ನೋಡೋಕೆ ಆಗತ್ತಾ? ಅಥವಾ ದುಡ್ಡಿರೋ ಸಂಸ್ಥೆಗಳಿಗೆ ಮಾತ್ರಾನಾ?

ನಕ್ಷೆಗಾರ

ಆಗುತ್ತೆ. ನೆವಾಡಾ ಜಿಯೋಡೆಟಿಕ್ ಲ್ಯಾಬೊರೇಟರಿ ಅಂತ ಹುಡುಕಿ. ಹತ್ತು ಸಾವಿರಕ್ಕೂ ಹೆಚ್ಚು ಸ್ಟೇಷನ್‌ಗಳ ಗೆರೆಗಳನ್ನು ತಯಾರಾಗಿಯೇ ಇಟ್ಟಿದ್ದಾರೆ. ಕಚ್ಚಾ ಡೇಟಾ ಬೇಕಾದರೆ ಐಜಿಎಸ್‌ನಲ್ಲಿ ರೈನೆಕ್ಸ್ ಫೈಲ್ ಸಿಗುತ್ತದೆ, ಲೆಕ್ಕ ಮಾಡಲು ಆರ್‌ಟಿಕೆಲಿಬ್ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ. ಆಂಡ್ರಾಯ್ಡ್ 7ರಿಂದ ಈಚೆಗೆ ಎಷ್ಟೋ ಫೋನ್‌ಗಳು ಕಚ್ಚಾ ಅಳತೆಯನ್ನೂ ಕೊಡುತ್ತವೆ.

ಗೆರೆಯಲ್ಲಿ ದಿಢೀರ್ ಮೆಟ್ಟಿಲು ಕಂಡರೆ ಭೂಕಂಪ ಅಂತ ಕುಣಿಯಬೇಡಿ. ಮುಕ್ಕಾಲು ಪಾಲು ಯಾರೋ ಆಂಟೆನಾ ಬದಲಾಯಿಸಿರುತ್ತಾರೆ, ಅಥವಾ ಅದರ ಮೇಲಿನ ಮುಚ್ಚಳ ತೆಗೆದಿರುತ್ತಾರೆ. ಸ್ಟೇಷನ್‌ನ ಲಾಗ್ ಮೊದಲು ಓದಿ. ಪಕ್ಕದಲ್ಲಿ ಮರ ಬೆಳೆದರೂ ವರ್ಷದಿಂದ ವರ್ಷಕ್ಕೆ ಎತ್ತರ ಹುಸಿಯಾಗಿ ಸರಿಯುತ್ತದೆ.

ಫೋನ್ ಡೇಟಾದಲ್ಲಿ ವಿಜ್ಞಾನ ಮಾಡ್ತೀನಿ ಅನ್ನೋರನ್ನು ಕಂಡರೆ ಮಾತ್ರ ನನಗೆ ನಗು. ಬೆರಳಿನ ಉಗುರಿನಷ್ಟು ಆಂಟೆನಾ ಅದು.

ರೇಡಿಯೋ ರಾಯರು

ನಗಬೇಡಿ ನಕ್ಷೆಗಾರರೇ. ಗೂಗಲ್‌ನವರು 2024ರಲ್ಲಿ 4 ಕೋಟಿ ಫೋನ್‌ಗಳ ಅಳತೆ ಸೇರಿಸಿ ಅಯಾನುಗೋಳದ ನಕ್ಷೆ ಮಾಡಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಂದೊಂದು ಫೋನ್ ಕಳಪೆಯೇ, ಒಪ್ಪಿದೆ. ಆದರೆ ಒಳ್ಳೆಯ ಸ್ಟೇಷನ್‌ಗಳೇ ಇಲ್ಲದ ದೇಶಗಳ ಮೇಲೂ ಗುಳ್ಳೆಗಳು ಕಂಡವು. ನಿಮ್ಮ ದುಬಾರಿ ಆಂಟೆನಾ ಅಲ್ಲಿ ಇರಲೇ ಇಲ್ಲವಲ್ಲ?

ನಕ್ಷೆಗಾರ

ಅಯಾನುಗೋಳಕ್ಕೆ ಸರಿ, ಅಲ್ಲಿ ಮೀಟರ್ ಲೆಕ್ಕ. ನೆಲದ ಮಿಲಿಮೀಟರ್‌ಗೆ ಫೋನ್ ತರಬೇಡಿ ಅಂತ ನಾನು ಹೇಳಿದ್ದು.

ದಾರಿಹೋಕ

ಕೊನೆಯದೊಂದು ಪ್ರಶ್ನೆ. ಕಡಿಮೆ ಬೆಲೆಯ ಎರಡು ಫ್ರೀಕ್ವೆನ್ಸಿ ರಿಸೀವರ್ ತಗೊಂಡು ತಾರಸಿ ಮೇಲೆ ಇಟ್ಟರೆ ನೀರಾವಿ, ನೆಲದ ಚಲನೆ ಎರಡೂ ನೋಡಬಹುದಾ?

ಮಳೆಲೆಕ್ಕ

ನೀರಾವಿಗೆ ಧಾರಾಳವಾಗಿ ಇಡಿ. ನಾಲ್ಕು ದಿಕ್ಕಿಗೂ ಆಕಾಶ ತೆರೆದಿರಲಿ, ತಗಡಿನ ಶೀಟು, ನೀರಿನ ಟ್ಯಾಂಕ್ ಪಕ್ಕ ಬೇಡ, ಅವುಗಳಿಗೆ ಬಡಿದು ಬರುವ ಸಿಗ್ನಲ್ ಲೆಕ್ಕ ಕೆಡಿಸುತ್ತದೆ. ಒತ್ತಡಮಾಪಕ ಮರೆಯಬೇಡಿ. ಒತ್ತಡ 1 ಹೆಕ್ಟೊಪ್ಯಾಸ್ಕಲ್ ತಪ್ಪಿದರೆ ತಡದಲ್ಲಿ 2 ಮಿ.ಮೀ. ಚಿಲ್ಲರೆ ತಪ್ಪಾಗುತ್ತದೆ, ಅದು ನೀರಾವಿಯ ಖಾತೆಗೆ ಹೋಗಿ ಸೇರುತ್ತದೆ.

ಬಂಡೆಗಲ್ಲು

ನೆಲಕ್ಕೆ ತಾರಸಿ ಬೇಡ. ಕಟ್ಟಡ ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ಪಾಯ ಕೂರುತ್ತಾ ಇರುತ್ತದೆ. ಫಲಕದ ಚಲನೆ ನೋಡಲು ಹೊರಟು ಕಟ್ಟಡದ ಚಲನೆ ನೋಡುತ್ತಾ ಕೂರಬೇಕಾಗುತ್ತದೆ. ಗಟ್ಟಿ ಬಂಡೆ ಸಿಕ್ಕಿದರೆ ಅದಕ್ಕೆ ಸ್ಟೀಲ್ ರಾಡ್ ಕೊರೆದು ಹಾಕಿ, ಆಮೇಲೆ ಎರಡೂವರೆ ಮೂರು ವರ್ಷ ಮುಟ್ಟಲೇಬೇಡಿ. ಅದಕ್ಕಿಂತ ಮುಂಚೆ ತೆಗೆದ ವೇಗದಲ್ಲಿ ಋತುಮಾನದ ಏರಿಳಿತವೇ ಬೆರೆತಿರುತ್ತದೆ.

ದಾರಿಹೋಕ

ಬಂಡೆ ಸದ್ಯಕ್ಕೆ ಇಲ್ಲ. ಒತ್ತಡಮಾಪಕದಿಂದ ಶುರು ಮಾಡ್ತೀನಿ ಮೇಡಂ. ರೈನೆಕ್ಸ್ ಫೈಲ್ ತೆರೆಯಲು ಬರದಿದ್ದರೆ ಇಲ್ಲೇ ಕೇಳುತ್ತೇನೆ.